ಎಲ್ಲವೂ ಆಗಬಲ್ಲ ಕೋಶ, ಎಲ್ಲಕ್ಕೂ ಔಷಧವಲ್ಲ

ಪ್ರನಾಳ ಶಿಶು ಪ್ರಯೋಗಾಲಯದಲ್ಲಿ ಮೂರು ದಿನ ತುಂಬಿದ ಮಾನವ ಭ್ರೂಣವೆಂದರೆ ಸುಮಾರು ಎಂಟು ಕೋಶಗಳ ಒಂದು ಗೊಂಚಲು. ಅದರ ಅಡ್ಡಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು. 1990ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಅಲನ್ ಹ್ಯಾಂಡಿಸೈಡ್ ಮತ್ತು ಸಂಗಡಿಗರು ಇಂಥ ಭ್ರೂಣಗಳ ಹೊರಪೊರೆಯಲ್ಲಿ ರಂಧ್ರ ಮಾಡಿ, ಸೂಕ್ಷ್ಮವಾದ ಗಾಜಿನ ನಳಿಕೆಯಿಂದ ಒಂದೊಂದು ಕೋಶವನ್ನು ಹೊರಗೆಳೆದರು. ಗಂಡುಮಕ್ಕಳಲ್ಲೇ ಕಾಣಿಸಿಕೊಳ್ಳುವ ಗಂಭೀರ ಆನುವಂಶಿಕ ಕಾಯಿಲೆಗಳಿದ್ದ ಕುಟುಂಬಗಳ ಭ್ರೂಣಗಳು ಅವು. ಹೊರತೆಗೆದ ಕೋಶದ ಡಿಎನ್‌ಎ ಪರೀಕ್ಷಿಸಿ, ಹೆಣ್ಣೆಂದು ತಿಳಿದ ಭ್ರೂಣಗಳನ್ನಷ್ಟೇ ತಾಯಿಯ ಗರ್ಭಕ್ಕೆ ಸೇರಿಸಿದರು. ತನ್ನ ಮೈಯ ಎಂಟನೇ ಒಂದು ಪಾಲನ್ನು ಕಳೆದುಕೊಂಡಿದ್ದರೂ ಭ್ರೂಣ ಪೂರ್ಣಾಂಗ ಶಿಶುವಾಗಿ ಬೆಳೆಯಿತು. ಉಳಿದ ಕೋಶಗಳು ಆ ಕೊರತೆಯನ್ನು ತಾವೇ ತುಂಬಿಕೊಂಡವು.

ಹಾಗಾದರೆ ಹೊರಬಂದ ಕೋಶಕ್ಕೆ ಇಡೀ ಮಗುವಾಗುವ ಶಕ್ತಿ ಇತ್ತೇ? ಮನುಷ್ಯರಲ್ಲಿ ಇದನ್ನು ಗರ್ಭಕ್ಕೆ ಸೇರಿಸಿ ಪರೀಕ್ಷಿಸಲು ಯಾವ ನೀತಿಯೂ ಒಪ್ಪುವುದಿಲ್ಲ. ಆದರೆ 2008ರಲ್ಲಿ ಬ್ರಸೆಲ್ಸ್‌ನ ಸಂಶೋಧಕರು ನಾಲ್ಕು ಕೋಶಗಳ ಮಾನವ ಭ್ರೂಣವನ್ನು ಬಿಡಿಬಿಡಿಯಾಗಿ ಬೇರ್ಪಡಿಸಿದಾಗ, ಆ ನಾಲ್ಕೂ ಕೋಶಗಳು ಒಂದೊಂದೂ ಸ್ವತಂತ್ರ ಭ್ರೂಣದಂತೆ ಐದಾರು ದಿನದ ಹಂತದವರೆಗೆ ಬೆಳೆಯಬಲ್ಲವು ಎಂಬುದನ್ನು ತೋರಿಸಿದರು. ಜೀವವಿಜ್ಞಾನ ಇಂಥ ಕೋಶವನ್ನು ಟೋಟಿಪೊಟೆಂಟ್ ಎನ್ನುತ್ತದೆ. ಅದು ದೇಹದ ಯಾವ ಅಂಗವೂ ಆಗಬಲ್ಲದು. ಅಷ್ಟೇ ಅಲ್ಲ, ಆ ದೇಹವನ್ನು ಗರ್ಭದಲ್ಲಿ ಸಾಕುವ ಮಾಸು ಮತ್ತು ಪೊರೆಗಳೂ ಆಗಬಲ್ಲದು.

ಆಕರಕೋಶ (ಸ್ಟೆಮ್ ಸೆಲ್) ಎಂದೊಡನೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ಆಸ್ಪತ್ರೆಗಳ ಜಾಹೀರಾತುಗಳಲ್ಲೂ ಈ ಸರ್ವಸಾಮರ್ಥ್ಯದ ಚಿತ್ರವೇ ಮುಂದೆ ಬರುತ್ತದೆ. ಏನು ಬೇಕಾದರೂ ಆಗಬಲ್ಲ ಕೋಶ ಸಿಕ್ಕರೆ ಯಾವ ಕಾಯಿಲೆಯನ್ನಾದರೂ ಗುಣಪಡಿಸಬಹುದು ಎಂಬ ತರ್ಕ ಕೇಳಲು ಸಹಜವಾಗಿದೆ. ಆದರೆ ಕಳೆದ ಆರೇಳು ದಶಕಗಳ ವೈದ್ಯಕೀಯ ಚರಿತ್ರೆ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿದೆ. ಇದುವರೆಗೆ ರೋಗಿಗಳ ಪ್ರಾಣ ಉಳಿಸಿದ ಆಕರಕೋಶಗಳೆಲ್ಲ ಸೀಮಿತ ಸಾಮರ್ಥ್ಯದವು. ಸಾಮರ್ಥ್ಯ ಹೆಚ್ಚಿದಂತೆಲ್ಲ ಹತೋಟಿ ಕಷ್ಟವಾಗುತ್ತದೆ, ಅಪಾಯವೂ ಏರುತ್ತದೆ. ಟೋಟಿಪೊಟೆಂಟ್ ಕೋಶದ ಬೆಲೆ ಚುಚ್ಚುಮದ್ದಾಗುವುದರಲ್ಲಿಲ್ಲ. ಬಂಜೆತನ, ಗರ್ಭಪಾತ, ಕೆಲವು ಸ್ನಾಯುರೋಗಗಳ ಮೂಲವನ್ನು ಅದು ತೋರಿಸಿಕೊಡುತ್ತದೆ ಎಂಬುದರಲ್ಲಿದೆ. ಈ ವ್ಯತ್ಯಾಸ ಸ್ಪಷ್ಟವಾಗದಿದ್ದರೆ ನಷ್ಟ ವಿಜ್ಞಾನಕ್ಕೂ ಹೌದು, ಸಾಲ ಮಾಡಿ ಚಿಕಿತ್ಸೆಗೆ ಓಡುವ ಕುಟುಂಬಗಳಿಗೂ ಹೌದು.

ಈ ಸಾಮರ್ಥ್ಯ ಎಲ್ಲಿಯವರೆಗೆ ಉಳಿಯುತ್ತದೆ ಎಂಬ ಪ್ರಶ್ನೆ ಹಳೆಯದು. 1888ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರೂ ಎರಡು ಕೋಶಗಳ ಕಪ್ಪೆಯ ಭ್ರೂಣದಲ್ಲಿ ಒಂದನ್ನು ಕಾಯಿಸಿದ ಸೂಜಿಯಿಂದ ಚುಚ್ಚಿ ಕೊಂದರು. ಉಳಿದ ಕೋಶದಿಂದ ಅರ್ಧ ಭ್ರೂಣ ಬೆಳೆಯಿತು. ಪ್ರತಿ ಕೋಶಕ್ಕೂ ದೇಹದ ಒಂದು ಭಾಗ ಮೊದಲೇ ಹಂಚಿಕೆಯಾಗಿರುತ್ತದೆ ಎಂದು ಅವರು ತೀರ್ಮಾನಿಸಿದರು. ಮೂರು ವರ್ಷಗಳ ಬಳಿಕ ಟ್ರಿಯೆಸ್ಟೆಯ ಕಡಲತೀರದಲ್ಲಿ ಹಾನ್ಸ್ ಡ್ರೀಶ್ ಕಡಲಮುಳ್ಳಿನ ಎರಡು ಕೋಶಗಳ ಭ್ರೂಣಗಳನ್ನು ಗಾಜಿನ ಕೊಳವೆಯಲ್ಲಿ ಹಾಕಿ ಜೋರಾಗಿ ಅಲುಗಾಡಿಸಿ ಕೋಶಗಳನ್ನು ಬೇರ್ಪಡಿಸಿದರು. ಅರ್ಧ ಮರಿಯನ್ನು ನಿರೀಕ್ಷಿಸಿದ್ದ ಅವರಿಗೆ ಮರುದಿನ ಕಂಡದ್ದು ಗಾತ್ರದಲ್ಲಿ ಚಿಕ್ಕದಾದರೂ ಪೂರ್ಣ ರೂಪದ ಮರಿ. ರೂ ಕೊಂದ ಕೋಶ ಅಲ್ಲೇ ಅಂಟಿಕೊಂಡಿದ್ದುದರಿಂದ ಬದುಕಿದ್ದ ಕೋಶ ತಾನಿನ್ನೂ ಜೋಡಿಯ ಒಂದು ಭಾಗ ಎಂಬಂತೆಯೇ ವರ್ತಿಸಿತ್ತು. ಮುಂದೆ ಹಾನ್ಸ್ ಸ್ಪೆಮನ್ ಎಳೆಗೂಸಿನ ಕೂದಲಿನ ಕುಣಿಕೆಯಿಂದ ಸಾಲಮ್ಯಾಂಡರ್ ಭ್ರೂಣವನ್ನು ಬಿಗಿದು ಎರಡಾಗಿಸಿ, ಎರಡು ಪೂರ್ಣ ಮರಿಗಳನ್ನು ಪಡೆದರು. ಕೋಶ ಏನಾಗುತ್ತದೆ ಎಂಬುದನ್ನು ಅದರೊಳಗಿನ ಸಾಮಗ್ರಿಯೊಂದೇ ನಿರ್ಧರಿಸುವುದಿಲ್ಲ, ನೆರೆಹೊರೆಯ ಕೋಶಗಳೂ ನಿರ್ಧರಿಸುತ್ತವೆ ಎಂಬುದು ಈ ಪ್ರಯೋಗಗಳಿಂದ ಸಾಬೀತಾಯಿತು.

ಸಸ್ಯಗಳಿಗೆ ಈ ಶಕ್ತಿ ಜೀವನಪೂರ್ತಿ ಉಳಿಯುತ್ತದೆ. 1958ರಲ್ಲಿ ಎಫ್. ಸಿ. ಸ್ಟೀವರ್ಡ್ ಗಜ್ಜರಿಯ ಬೇರಿನ ಕೋಶಗಳಿಂದ ಇಡೀ ಗಿಡ ಬೆಳೆಸಿದರು. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಸತೀಶ್ ಮಹೇಶ್ವರಿ ದತ್ತೂರದ ಪರಾಗಕೋಶದಿಂದ ಸಸಿಗಳನ್ನು ಪಡೆದರು. ಇಂದು ಕರ್ನಾಟಕದ ರೈತರು ಟಿಶ್ಯೂ ಕಲ್ಚರ್ ಬಾಳೆ ಎಂದು ಕೊಂಡು ನೆಡುವ ಜಿ-9 ಸಸಿಗಳು ಬಾಳೆಯ ಸುಳಿಯ ತುದಿಯ ಚೂರಿನಿಂದ ಬಾಟಲಿಯೊಳಗೆ ಹುಟ್ಟಿ ಬಂದವು. ಪ್ರಾಣಿಗಳಿಗೆ ಈ ಸೌಲಭ್ಯವಿಲ್ಲ. ಮಾನವ ಭ್ರೂಣ ಐದನೇ ದಿನಕ್ಕೆ ಟೊಳ್ಳು ಚೆಂಡಿನ ರೂಪ ತಾಳುವ ಹೊತ್ತಿಗೆ ಕೋಶಗಳು ಎರಡು ಪಾಲಾಗಿರುತ್ತವೆ. ಹೊರಗಿನವು ಮಾಸಿನ ಕಡೆಗೆ, ಒಳಗೆ ಗುಂಪಾಗಿ ಕುಳಿತವು ಮುಖ್ಯವಾಗಿ ದೇಹದ ಕಡೆಗೆ. ಒಳಗಿನ ಈ ಕೋಶಗಳು ಪ್ಲುರಿಪೊಟೆಂಟ್; ದೇಹದ ಇನ್ನೂರಕ್ಕೂ ಹೆಚ್ಚು ಬಗೆಯ ಕೋಶಗಳಾಗಬಲ್ಲವು, ಆದರೆ ತಾವೇ ಒಂದು ಮಗುವನ್ನು ಕಟ್ಟಲಾರವು. 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಬೇರ್ಪಡಿಸಿ ಬೆಳೆಸಿದ ಪ್ರಸಿದ್ಧ ಮಾನವ ಭ್ರೂಣದ ಆಕರಕೋಶಗಳು ಈ ಗುಂಪಿನವು. ಅವನ್ನೂ ಟೋಟಿಪೊಟೆಂಟ್ ಎಂದು ಬರೆಯುವವರಿದ್ದಾರೆ, ಅದು ತಪ್ಪು.

ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯಬಹುದೇ? ಪಡೆಯಬಹುದು ಎಂದು ಡಾಲಿ ಕುರಿ ತೋರಿಸಿತು. ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಹುಟ್ಟಿದ ಈ ಕುರಿಯ ಮೂಲ ಆರು ವರ್ಷದ ಇನ್ನೊಂದು ಕುರಿಯ ಕೆಚ್ಚಲಿನ ಕೋಶ. ಅದನ್ನು ಕೋಶಕೇಂದ್ರ ತೆಗೆದ ಅಂಡದೊಂದಿಗೆ ಬೆಸೆದಾಗ, ಅಂಡದ ರಸ ಕೆಚ್ಚಲಿನ ಕೋಶಕ್ಕೆ ತನ್ನ ಹಳೆಯ ಗುರುತು ಮರೆಸಿ ಮೊದಲ ದಿನಕ್ಕೆ ಒಯ್ದಿತು. ಈ ಯಶಸ್ಸಿನ ಹಿಂದಿನ ಲೆಕ್ಕವನ್ನು ಮರೆಯಬಾರದು: ಹೀಗೆ ಬೆಸೆದ ಅಂಡಗಳು 277, ಬದುಕಿ ಬಂದ ಮರಿ ಒಂದು. ಮರಳುವ ದಾರಿ ಇದೆ, ಆದರೆ ಅದರಲ್ಲಿ ಹೊರಟವರೆಲ್ಲ ಊರು ಸೇರುವುದಿಲ್ಲ.

2006ರಲ್ಲಿ ಕ್ಯೋಟೋದ ಶಿನ್ಯಾ ಯಮನಕ ಇನ್ನೊಂದು ದಾರಿ ತೆರೆದರು. ಇಲಿಯ ಚರ್ಮದ ಕೋಶಕ್ಕೆ ನಾಲ್ಕು ಜೀನ್‌ಗಳನ್ನು ಸೇರಿಸಿ ಅದನ್ನು ಪ್ಲುರಿಪೊಟೆಂಟ್ ಹಂತಕ್ಕೆ ಹಿಂದಿರುಗಿಸಿದರು. ಮರುವರ್ಷ ಮಾನವ ಕೋಶದಲ್ಲೂ ಇದು ಸಾಧ್ಯವಾಯಿತು. 2012ರ ನೊಬೆಲ್ ಪ್ರಶಸ್ತಿಯನ್ನು ಅವರು ಜಾನ್ ಗರ್ಡನ್ ಜೊತೆ ಹಂಚಿಕೊಂಡರು. ಗಮನಿಸಬೇಕಾದದ್ದೆಂದರೆ, ಯಮನಕ ವಿಧಾನ ಕೋಶವನ್ನು ಮೊದಲ ದಿನದವರೆಗೆ ಒಯ್ಯುವುದಿಲ್ಲ, ಐದನೇ ದಿನದ ಹೊಸ್ತಿಲಲ್ಲಿ ನಿಲ್ಲಿಸುತ್ತದೆ. ವೈದ್ಯಕೀಯಕ್ಕೆ ಅಷ್ಟೇ ಧಾರಾಳವಾಗಿತ್ತು.

ಧಾರಾಳ ಏಕೆಂದರೆ ಚಿಕಿತ್ಸೆಗೆ ಬೇಕಾದದ್ದು ಆ ಕಚ್ಚಾ ಕೋಶವಲ್ಲ. 2025ರ ಏಪ್ರಿಲ್‌ನಲ್ಲಿ ಪಾರ್ಕಿನ್‌ಸನ್ ಕಾಯಿಲೆಯ ಎರಡು ಪ್ರಯೋಗಗಳ ಫಲಿತಾಂಶ ಪ್ರಕಟವಾಯಿತು. ಒಂದರಲ್ಲಿ ಭ್ರೂಣಮೂಲದ ಕೋಶಗಳನ್ನು ಹನ್ನೆರಡು ರೋಗಿಗಳಿಗೆ, ಕ್ಯೋಟೋದ ಇನ್ನೊಂದರಲ್ಲಿ ಯಮನಕ ವಿಧಾನದ ಕೋಶಗಳನ್ನು ಏಳು ರೋಗಿಗಳಿಗೆ ನೀಡಲಾಗಿತ್ತು. ಎರಡರಲ್ಲೂ ಮಿದುಳಿಗೆ ಸೇರಿಸಿದ್ದು ಏನು ಬೇಕಾದರೂ ಆಗಬಲ್ಲ ಕೋಶವಲ್ಲ. ಡೋಪಮಿನ್ ತಯಾರಿಸುವ ನರಕೋಶವಾಗುವ ದಾರಿಗೆ ಆಗಲೇ ಬಿದ್ದಿದ್ದ ಕೋಶ. ಅದೇ ವರ್ಷ ಫಲಿತಾಂಶ ಪ್ರಕಟವಾದ ವರ್ಟೆಕ್ಸ್ ಕಂಪನಿಯ ಪ್ರಯೋಗದಲ್ಲಿ ಟೈಪ್-1 ಸಕ್ಕರೆ ಕಾಯಿಲೆಯ ಹನ್ನೆರಡು ಮಂದಿಗೆ ಪೂರ್ಣ ಪ್ರಮಾಣದ ಕೋಶಗಳು ಸಿಕ್ಕಿದ್ದವು. ಒಂದು ವರ್ಷದ ಹೊತ್ತಿಗೆ ಹತ್ತು ಮಂದಿಗೆ ಇನ್ಸುಲಿನ್ ಚುಚ್ಚುಮದ್ದು ಬೇಕಾಗಲಿಲ್ಲ. ಅಲ್ಲಿಯೂ ಕೊಟ್ಟದ್ದು ಪ್ರಯೋಗಾಲಯದಲ್ಲೇ ಪೂರ್ತಿ ರೂಪುಗೊಂಡ, ಇನ್ಸುಲಿನ್ ಸ್ರವಿಸುವ ಕೋಶಗುಚ್ಛ. ಆ ರೋಗಿಗಳು ದೇಹದ ಪ್ರತಿರಕ್ಷೆಯನ್ನು ತಗ್ಗಿಸುವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಲೇ ಇರಬೇಕು ಎಂಬುದೂ ಇದರ ಜೊತೆಗಿರುವ ಸತ್ಯ.

ರೂಪುಗೊಳ್ಳದ ಕೋಶವನ್ನು ಹಾಗೆಯೇ ದೇಹಕ್ಕೆ ಸೇರಿಸಿದರೆ ಏನಾಗುತ್ತದೆ ಎಂಬುದೂ ಗೊತ್ತಿರುವ ಸಂಗತಿ. ಪ್ಲುರಿಪೊಟೆಂಟ್ ಕೋಶಗಳನ್ನು ಇಲಿಯ ಚರ್ಮದಡಿ ಚುಚ್ಚಿದರೆ ಟೆರಟೋಮ ಎಂಬ ಗಡ್ಡೆ ಬೆಳೆಯುತ್ತದೆ. ಸೀಳಿ ನೋಡಿದರೆ ಒಳಗೆ ಮೃದ್ವಸ್ಥಿ, ಕರುಳಿನ ಒಳಪದರ, ನರದ ಅಂಗಾಂಶ ಎಲ್ಲವೂ ಗೊತ್ತುಗುರಿಯಿಲ್ಲದೆ ಹೆಣೆದುಕೊಂಡಿರುತ್ತವೆ. ಪ್ರಯೋಗಾಲಯಗಳಲ್ಲಿ ಒಂದು ಕೋಶ ನಿಜವಾಗಿ ಪ್ಲುರಿಪೊಟೆಂಟ್ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ಕ್ರಮವೇ ಇದು! ಹಾಗಿರುವಾಗ ಅದಕ್ಕೂ ಹಿಂದಿನ ಹಂತದ ಕೋಶವನ್ನು ಮೊಣಕಾಲಿಗೋ ಬೆನ್ನುಹುರಿಗೋ ಚುಚ್ಚುವುದು ಚಿಕಿತ್ಸೆಯಾಗಲಾರದು. ಅಲ್ಲಿ ನೆರೆಯ ಕೋಶಗಳ ಕಟ್ಟುಪಾಡು ಇರುವುದಿಲ್ಲ, ಬೆಳವಣಿಗೆಗೆ ಗರ್ಭದ ವ್ಯವಸ್ಥೆ ಇರುವುದಿಲ್ಲ. ಡ್ರೀಶ್ ಕಂಡುಕೊಂಡ ಪಾಠವೇ ಇಲ್ಲಿ ಎಚ್ಚರಿಕೆಯಾಗಿ ಮರಳುತ್ತದೆ.

ಇನ್ನೊಂದು ತುದಿಯಲ್ಲಿರುವ ಕೋಶಗಳನ್ನು ನೋಡೋಣ. ಅಸ್ಥಿಮಜ್ಜೆಯ ಆಕರಕೋಶ ರಕ್ತದ ಕೋಶಗಳಾಗಬಲ್ಲದು, ಅದರಾಚೆಗೆ ಅದರಿಂದ ಏನನ್ನೂ ನಿರೀಕ್ಷಿಸುವಂತಿಲ್ಲ. ಡೊನಾಲ್ ಥಾಮಸ್ 1957ರಲ್ಲಿ ಪ್ರಕಟಿಸಿದ ಮೊದಲ ಪ್ರಯತ್ನಗಳಿಂದ ಆರಂಭಿಸಿ 2012ರ ಕೊನೆಗೆ ಜಗತ್ತಿನಲ್ಲಿ ಹತ್ತು ಲಕ್ಷ ರಕ್ತದ ಆಕರಕೋಶ ಕಸಿಗಳು ಮುಗಿದಿದ್ದವು. ಲ್ಯುಕೇಮಿಯ, ಥಲಸ್ಸೇಮಿಯ, ಅಪ್ಲಾಸ್ಟಿಕ್ ಅನೀಮಿಯದ ರೋಗಿಗಳು ಅದರಿಂದ ಬದುಕಿದ್ದಾರೆ. ಭಾರತದಲ್ಲಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಶುರುವಾಯಿತು. ಬೆಂಗಳೂರಿನ ಆಕರಕೋಶ ವಿಜ್ಞಾನ ಸಂಸ್ಥೆಯಾದ ಇನ್‌ಸ್ಟೆಮ್‌ನ ಘಟಕವೊಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದೆ. ಅಲ್ಲಿನ ವೈದ್ಯರು ತೀವ್ರ ಹಿಮೋಫಿಲಿಯಾ-ಎ ಇರುವ ಐವರ ರಕ್ತದ ಆಕರಕೋಶಗಳಿಗೆ ಕೊರತೆಯಿದ್ದ ಜೀನ್ ಸೇರಿಸಿ ಅವರಿಗೇ ಮರಳಿಸಿದರು. ಆ ಬಳಿಕ ಅವರ ರಕ್ತಸ್ರಾವಗಳು ನಿಂತವು ಎಂಬ ವರದಿ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು.

ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ಕೆಲಸ ನಮ್ಮ ದಿನನಿತ್ಯದ ಬದುಕಿಗೆ ಇನ್ನೂ ಹತ್ತಿರದ್ದು. ಎಲೆಅಡಿಕೆ, ತಂಬಾಕಿನ ಜೊತೆ ಮಾರುವ ಸುಣ್ಣದ ಪೊಟ್ಟಣವನ್ನು ಆಟವಾಡುತ್ತ ಹಿಸುಕುವ ಮಕ್ಕಳ ಕಣ್ಣಿಗೆ ಸುಣ್ಣ ಸಿಡಿಯುತ್ತದೆ. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಆಕರಕೋಶಗಳು ಸುಟ್ಟುಹೋದರೆ ಪಾರದರ್ಶಕ ಪಟಲದ ಮೇಲೆ ಬಿಳಿಪೊರೆ ಹಬ್ಬಿ ದೃಷ್ಟಿ ಹೋಗುತ್ತದೆ. ಅಲ್ಲಿನ ವೈದ್ಯರು ಚೆನ್ನಾಗಿರುವ ಇನ್ನೊಂದು ಕಣ್ಣಿನ ಅಂಚಿನಿಂದ ಒಂದೆರಡು ಮಿಲಿಮೀಟರಿನಷ್ಟು ಅಂಗಾಂಶ ತೆಗೆದು, ದಾನವಾಗಿ ಬಂದ ಗರ್ಭಪೊರೆಯ ಮೇಲೆ ಬೆಳೆಸಿ, ಹಾಳಾದ ಕಣ್ಣಿಗೆ ಹೊದಿಸುವ ಕ್ರಮವನ್ನು 2001ರಿಂದ ನಡೆಸಿಕೊಂಡು ಬಂದಿದ್ದಾರೆ. ನಂತರ ಅಲ್ಲಿಯೇ ವೀರೇಂದರ್ ಸಾಂಗ್ವಾನ್ ಮತ್ತು ಸಂಗಡಿಗರು ಪ್ರಯೋಗಾಲಯವೇ ಬೇಡದ ಸರಳ ವಿಧಾನ ರೂಪಿಸಿದರು: ಅದೇ ಅಂಗಾಂಶವನ್ನು ಚೂರು ಚೂರಾಗಿಸಿ ನೇರವಾಗಿ ಕಣ್ಣಿನ ಮೇಲೆಯೇ ಅಂಟಿಸುವುದು. ಈ ಆಕರಕೋಶಕ್ಕೆ ತಿಳಿದಿರುವುದು ಕಣ್ಣಿನ ಹೊರಪದರವೊಂದನ್ನು ಕಟ್ಟುವ ಕೆಲಸ ಮಾತ್ರ. ಅದು ದಾರಿ ತಪ್ಪದೆ ಕೆಲಸ ಮಾಡುವುದಕ್ಕೆ ಕಾರಣವೂ ಅದೇ.

ಹಾಗೆಂದು ಟೋಟಿಪೊಟೆಂಟ್ ಕೋಶಗಳ ಸಂಶೋಧನೆಗೆ ಹಣ ಸುರಿಯುವುದು ವ್ಯರ್ಥವೇ? ಖಂಡಿತ ಅಲ್ಲ. ಪ್ರನಾಳದಲ್ಲಿ ಬೆಳೆಸಿದ ಮಾನವ ಭ್ರೂಣಗಳಲ್ಲಿ ಸುಮಾರು ಅರ್ಧದಷ್ಟು ಐದನೇ ದಿನದ ಹಂತ ತಲುಪುವುದೇ ಇಲ್ಲ. ಮೊದಲ ಎರಡು ದಿನ ಭ್ರೂಣ ನಡೆಯುವುದು ತಾಯಿಯ ಅಂಡದಲ್ಲಿ ತುಂಬಿಟ್ಟ ಸರಕಿನ ಬಲದಿಂದ. ನಾಲ್ಕರಿಂದ ಎಂಟು ಕೋಶಗಳಾಗುವ ವೇಳೆಗೆ ಅದರ ಸ್ವಂತ ಜೀನ್‌ಗಳು ಎಚ್ಚೆತ್ತು ಕೆಲಸ ವಹಿಸಿಕೊಳ್ಳಬೇಕು. ಎಷ್ಟೋ ಭ್ರೂಣಗಳು ಎಡವುವುದು ಈ ಹಸ್ತಾಂತರದಲ್ಲಿ. ಮತ್ತೆ ಮತ್ತೆ ಐವಿಎಫ್ ವಿಫಲವಾಗಿ, ಕಾರಣ ಏನೆಂಬ ಉತ್ತರವೇ ಸಿಗದೆ ಮನೆಗೆ ಮರಳುವ ದಂಪತಿಗಳಿಗೆ ಈ ಹಂತದ ಜ್ಞಾನಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ಆ ಹಂತವನ್ನು ಅಂಡವಿಲ್ಲದೆ ಅಭ್ಯಾಸ ಮಾಡುವ ದಾರಿಗಳು ಈಗ ತೆರೆದಿವೆ. 2012ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ಸಂಶೋಧಕರು, ತಟ್ಟೆಯಲ್ಲಿ ಬೆಳೆಯುವ ಇಲಿಯ ಆಕರಕೋಶಗಳಲ್ಲಿ ನೂರರಲ್ಲಿ ಒಂದರಷ್ಟು ತಮ್ಮಷ್ಟಕ್ಕೆ ತಾವೇ ಎರಡು ಕೋಶಗಳ ಹಂತದ ಗುಣಗಳಿಗೆ ಜಾರಿ ಮತ್ತೆ ಮರಳುವುದನ್ನು ಗುರುತಿಸಿದರು. 2022ರಲ್ಲಿ ಬೀಜಿಂಗ್‌ನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಡಿಂಗ್ ಶೆಂಗ್ ತಂಡ ಮೂರು ರಾಸಾಯನಿಕಗಳ ಮಿಶ್ರಣದಿಂದ ಇಲಿಯ ಆಕರಕೋಶಗಳನ್ನು ಟೋಟಿಪೊಟೆಂಟ್ ಲಕ್ಷಣಗಳತ್ತ ತಿರುಗಿಸಿತು. ಅದೇ ವರ್ಷ ಎಂಟು ಕೋಶಗಳ ಹಂತವನ್ನು ಹೋಲುವ ಮಾನವ ಕೋಶಗಳ ವರದಿಗಳೂ ಬಂದವು. ಹೋಲುವುದು ಬೇರೆ, ಅದೇ ಆಗುವುದು ಬೇರೆ. ಆದರೆ ಯಾವ ಜೀನ್ ಯಾವಾಗ ಎಚ್ಚೆತ್ತಿತು, ಯಾವುದು ಮಲಗಿತು ಎಂದು ತಿಳಿಯಲು ಈ ಹೋಲಿಕೆ ಸಾಕು.

ಇದರ ವೈದ್ಯಕೀಯ ಮಹತ್ವವನ್ನು ಡಕ್ಸ್4 ಎಂಬ ಒಂದೇ ಜೀನ್ ಹೇಳಿಕೊಡುತ್ತದೆ. ಮಾನವ ಭ್ರೂಣದ ಮೊದಲ ದಿನಗಳಲ್ಲಿ ಅದು ಸ್ವಲ್ಪ ಹೊತ್ತು ಮಾತ್ರ ಎಚ್ಚೆತ್ತು, ಉಳಿದ ಅನೇಕ ಜೀನ್‌ಗಳನ್ನು ಎಬ್ಬಿಸಿ ಮಲಗುತ್ತದೆ ಎಂಬುದು 2017ರಲ್ಲಿ ಸ್ಪಷ್ಟವಾಯಿತು. ಅದು ಬೆಳೆದ ದೇಹದ ಸ್ನಾಯುವಿನಲ್ಲಿ ಮತ್ತೆ ಎಚ್ಚೆತ್ತರೆ ಮುಖ, ಭುಜ, ತೋಳಿನ ಸ್ನಾಯುಗಳು ಕ್ರಮೇಣ ಸವೆಯುವ ಎಫ್‌ಎಸ್‌ಎಚ್‌ಡಿ ಎಂಬ ಆನುವಂಶಿಕ ಕಾಯಿಲೆ ಬರುತ್ತದೆ. ಭ್ರೂಣಕ್ಕೆ ಜೀವ ತುಂಬುವ ಅದೇ ಜೀನ್ ಸ್ಥಳ ಮತ್ತು ಕಾಲ ತಪ್ಪಿದಾಗ ಸ್ನಾಯುವನ್ನು ಕೊಲ್ಲುತ್ತದೆ. ಹಾಗಾಗಿ ಈ ಕಾಯಿಲೆಗೆ ಔಷಧ ಹುಡುಕುವವರು ಡಕ್ಸ್4 ಅನ್ನು ಮಲಗಿಸುವ ಉಪಾಯ ಹುಡುಕುತ್ತಿದ್ದಾರೆ. ಮಾಸಿನ ಕೋಶಗಳ ಅಧ್ಯಯನವೂ ಇಷ್ಟೇ ಮುಖ್ಯ. 2018ರಲ್ಲಿ ಜಪಾನಿನ ಸೆಂಡೈಯಲ್ಲಿ ಮಾನವ ಮಾಸಿನ ಆಕರಕೋಶಗಳನ್ನು ಮೊದಲ ಬಾರಿಗೆ ಬೆಳೆಸಿದ ಮೇಲೆ, ಗರ್ಭಿಣಿಯರ ರಕ್ತದೊತ್ತಡ ಏರಿಸಿ ತಾಯಿ–ಮಗು ಇಬ್ಬರ ಪ್ರಾಣಕ್ಕೂ ಎರವಾಗುವ ಪ್ರಿಎಕ್ಲಾಂಪ್ಸಿಯದ ಬೇರನ್ನು ತಟ್ಟೆಯಲ್ಲೇ ಹುಡುಕಲು ಸಾಧ್ಯವಾಗಿದೆ.

ಈ ಕ್ಷೇತ್ರದಲ್ಲಿ ಆತುರಕ್ಕೆ ತೆತ್ತ ಬೆಲೆಯೂ ದೊಡ್ಡದು. 2014ರ ಜನವರಿಯಲ್ಲಿ ಜಪಾನಿನ ರಿಕೆನ್ ಸಂಸ್ಥೆಯಿಂದ ಬಂದ ಎರಡು ಪ್ರಬಂಧಗಳು, ಕೋಶಗಳನ್ನು ಅರ್ಧ ಗಂಟೆಯಷ್ಟು ಹೊತ್ತು ತೆಳುವಾದ ಆಮ್ಲದಲ್ಲಿ ಇಟ್ಟರೆ ಸಾಕು, ಅವು ದೇಹವೂ ಮಾಸೂ ಆಗಬಲ್ಲ ಸ್ಥಿತಿಗೆ ಮರಳುತ್ತವೆ ಎಂದವು. ಬೇರೆ ಯಾವ ಪ್ರಯೋಗಾಲಯದಲ್ಲೂ ಅದು ಆಗಲಿಲ್ಲ. ಚಿತ್ರಗಳನ್ನು ತಿದ್ದಿದ್ದು ಬಯಲಾಗಿ ಜುಲೈನಲ್ಲಿ ಪ್ರಬಂಧಗಳನ್ನು ಹಿಂತೆಗೆದುಕೊಳ್ಳಲಾಯಿತು. ಅದಕ್ಕೂ ಮುಂಚೆ ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ ತದ್ರೂಪಿ ಮಾನವ ಭ್ರೂಣಗಳಿಂದ ಆಕರಕೋಶ ಪಡೆದುದಾಗಿ ಬರೆದದ್ದು ಕಟ್ಟುಕತೆಯೆಂದು 2006ರಲ್ಲಿ ಸಾಬೀತಾಗಿತ್ತು.

ನಮ್ಮಲ್ಲಿ ಈ ಆತುರ ವ್ಯಾಪಾರದ ವೇಷದಲ್ಲಿ ಬರುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೆನ್ನುಹುರಿಯ ಪೆಟ್ಟು, ಸಕ್ಕರೆ ಕಾಯಿಲೆ ಎಲ್ಲಕ್ಕೂ ಸ್ಟೆಮ್ ಸೆಲ್ ಥೆರಪಿ ಎನ್ನುವ ಫಲಕಗಳು ಹೆದ್ದಾರಿಗಳ ಪಕ್ಕದಲ್ಲೇ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ನಿಲುವಿನಲ್ಲಿ ಅಸ್ಪಷ್ಟತೆ ಇಲ್ಲ: ರಕ್ತದ ಕಾಯಿಲೆಗಳಿಗೆ ಮಾಡುವ ಆಕರಕೋಶ ಕಸಿಯನ್ನು ಬಿಟ್ಟರೆ ಮಿಕ್ಕದ್ದೆಲ್ಲ ಇನ್ನೂ ಸಂಶೋಧನೆ, ಅದನ್ನು ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ನಡೆಸಬೇಕು. ಪ್ರಯೋಗದಲ್ಲಿ ಭಾಗವಹಿಸುವ ರೋಗಿಯಿಂದ ಚಿಕಿತ್ಸೆಯ ಹಣ ಕೇಳುವುದು ಸರಿಯಾದ ಕ್ರಮವೇ ಅಲ್ಲ. ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇಡಿಸುವ ಪ್ರಚಾರದ್ದೂ ಇದೇ ಕಥೆ. ಅದರಲ್ಲಿರುವುದು ಮುಖ್ಯವಾಗಿ ರಕ್ತದ ಆಕರಕೋಶ. ಮಗುವಿಗೆ ಥಲಸ್ಸೇಮಿಯ ಇದ್ದರೆ ಅದರ ಬಳ್ಳಿಯ ರಕ್ತದಲ್ಲೂ ಅದೇ ದೋಷ ಇರುತ್ತದೆ. 1988ರಲ್ಲಿ ಪ್ಯಾರಿಸಿನಲ್ಲಿ ನಡೆದ ಮೊದಲ ಬಳ್ಳಿರಕ್ತದ ಕಸಿಯಲ್ಲಿ ಹುಡುಗನಿಗೆ ಕೊಟ್ಟದ್ದು ಅವನ ತಂಗಿಯ ರಕ್ತ. ಇಪ್ಪತ್ತು ವರ್ಷಗಳ ಕಂತು ಕಟ್ಟುವ ಬದಲು ಅಸ್ಥಿಮಜ್ಜೆ ದಾನಿಗಳ ನೋಂದಣಿ ಬೆಳೆದರೆ ಆಗುವ ಉಪಕಾರ ದೊಡ್ಡದು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಅಂಗಾಂಶ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ, ಹಾಗೆ ಹೊಂದುವ ಒಡಹುಟ್ಟಿದವರಿಲ್ಲದ ರೋಗಿಗಳಲ್ಲಿ ಅನೇಕರು ಅಪರಿಚಿತ ದಾನಿಯನ್ನು ಹುಡುಕಬೇಕಾಗುತ್ತದೆ.

ನೀತಿಯ ಪ್ರಶ್ನೆ ಇನ್ನೂ ಆಳದ್ದು. ಜರ್ಮನಿಯ 1990ರ ಭ್ರೂಣ ಸಂರಕ್ಷಣಾ ಕಾಯ್ದೆ, ಭ್ರೂಣದಿಂದ ತೆಗೆದ ಪ್ರತಿಯೊಂದು ಟೋಟಿಪೊಟೆಂಟ್ ಕೋಶವನ್ನೂ ಒಂದು ಭ್ರೂಣವೆಂದೇ ಪರಿಗಣಿಸುತ್ತದೆ. ತರ್ಕ ಸರಿಯಾಗಿದೆ: ಮಗುವಾಗಬಲ್ಲ ಕೋಶವನ್ನು ಬರಿಯ ಸಾಮಗ್ರಿ ಎನ್ನಲಾಗದು. ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲಿ ಸೂಚಿಸಿದ, ಹದಿನಾಲ್ಕು ದಿನ ಮೀರಿ ಭ್ರೂಣ ಬೆಳೆಸಬಾರದೆಂಬ ನಿಯಮವನ್ನು ಭಾರತವೂ ಪಾಲಿಸುತ್ತದೆ. ಆದರೆ 2023ರಲ್ಲಿ ಇಸ್ರೇಲಿನ ಜೇಕಬ್ ಹನ್ನಾ ತಂಡ ಅಂಡ, ವೀರ್ಯಾಣು ಎರಡೂ ಇಲ್ಲದೆ, ಆಕರಕೋಶಗಳಿಂದಲೇ ಹದಿನಾಲ್ಕು ದಿನದ ಭ್ರೂಣವನ್ನು ಹೋಲುವ ರಚನೆಯನ್ನು ಕಟ್ಟಿದಾಗ ಹಳೆಯ ಗೆರೆ ಎಲ್ಲಿ ಬೀಳಬೇಕೆಂಬ ಪ್ರಶ್ನೆ ಎದ್ದಿತು. ಇಂಥ ರಚನೆಯನ್ನು ಗರ್ಭಕ್ಕೆ ಸೇರಿಸಬಾರದೆಂಬುದರಲ್ಲಿ ಆಕರಕೋಶ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘಟನೆಗೆ ಅನುಮಾನವಿಲ್ಲ. ಪ್ರಯೋಗಾಲಯದಲ್ಲಿ ಎಷ್ಟು ದಿನ ಎಂಬುದು ಮಾತ್ರ ಇನ್ನೂ ಚರ್ಚೆಯಲ್ಲಿದೆ.

ಈ ಚರ್ಚೆ ಕರ್ನಾಟಕಕ್ಕೆ ಹೊರಗಿನದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಮತ್ತು ಸಂಗಡಿಗರು, ಐವಿಎಫ್ ಚಿಕಿತ್ಸೆಗೆ ಬಾರದೆಂದು ಬದಿಗಿಟ್ಟ ಭ್ರೂಣಗಳಿಂದ ಎರಡು ಮಾನವ ಆಕರಕೋಶ ಸಂತತಿಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿದರು. 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆಯ ಪ್ರಕಾರ ಭ್ರೂಣಗಳನ್ನು ಹೆಚ್ಚೆಂದರೆ ಹತ್ತು ವರ್ಷ ಶೈತ್ಯದಲ್ಲಿಡಬಹುದು. ಆಮೇಲೆ ಅವನ್ನು ನಾಶವಾಗಲು ಬಿಡಬೇಕು ಅಥವಾ ದಂಪತಿಯ ಒಪ್ಪಿಗೆಯೊಂದಿಗೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಚಿಕಿತ್ಸೆ ಪಡೆಯುವ ದಂಪತಿ ಸಹಿ ಹಾಕುವ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಉಳಿದ ಭ್ರೂಣಗಳಿಂದ ಯಾವ ಬಗೆಯ ಸಂಶೋಧನೆ ನಡೆಯಬಹುದು, ಯಾವುದಕ್ಕೆ ನಿಷೇಧವಿದೆ, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವುದು ಹೇಗೆ ಎಂಬ ವಿವರ ಅದರಲ್ಲಿ ಸರಳವಾಗಿ ಬರೆದಿರಬೇಕು. ಅದನ್ನು ಓದಿ ಹೇಳಲು ವೈದ್ಯರೋ ಆಪ್ತಸಲಹೆಗಾರರೋ ಅರ್ಧ ಗಂಟೆ ಕೂರಬೇಕು. ಆರೋಗ್ಯ ಇಲಾಖೆ ಇದನ್ನು ಎಲ್ಲ ಐವಿಎಫ್ ಕೇಂದ್ರಗಳ ನೋಂದಣಿಯ ಷರತ್ತಾಗಿ ಮಾಡುವುದಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ.